ಎರಡು ನುಡಿಗಳ ಊರು ಅಕ್ಕಲಕೋಟೆ

ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಅಕ್ಕಲಕೋಟೆ ನಮ್ಮ ಊರು. ಆಡಳಿತದ ದೃಷ್ಟಿಯಿಂದ ಇದು ಮಹಾರಾಷ್ಟ್ರದ ಒಂದು ತಾಲ್ಲೂಕು ಕೇಂದ್ರ. 2011ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಸುಮಾರು 40 ಸಾವಿರ. ತಾಲ್ಲೂಕಿನ ಎಲ್ಲೆ ದಾಟಿದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಸೀಮೆ. ಕಚೇರಿಯ ಫಲಕ, ನ್ಯಾಯಾಲಯದ ಕಾಗದ, ಬಸ್ಸಿನ ಹಲಗೆ ಎಲ್ಲವೂ ಮರಾಠಿಯಲ್ಲಿವೆ. ಆದರೆ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಜೋಳ, ತೊಗರಿ, ಶೇಂಗಾಗಳ ಬೆಲೆಯನ್ನು ಕನ್ನಡದಲ್ಲಿಯೇ ಚೌಕಾಸಿ ಮಾಡುವ ದನಿಗಳು ಕಿವಿದುಂಬುತ್ತವೆ.

ಹೊರಗಿನವರಿಗೆ ಅಕ್ಕಲಕೋಟೆಯೆಂದರೆ ಶ್ರೀ ಸ್ವಾಮಿ ಸಮರ್ಥರ ಕ್ಷೇತ್ರ. ಎರಡು ದಶಕಗಳಷ್ಟು ಕಾಲ ಇಲ್ಲಿ ನೆಲೆಸಿದ್ದ ಅವರು 1878ರಲ್ಲಿ ಸಮಾಧಿಸ್ಥರಾದರು. ಅವರು ಕುಳಿತಿದ್ದ ವಟವೃಕ್ಷದ ದರ್ಶನಕ್ಕೆ ಪುಣೆ, ಮುಂಬಯಿಗಳಿಂದ ಭಕ್ತರು ಬರುತ್ತಾರೆ. ಬಂದವರು ಪ್ರಸಾದ ಸ್ವೀಕರಿಸಿ ಮರಳುತ್ತಾರೆ. ಊರಿನ ಹಳೆಯ ಕಥೆಯನ್ನು ಕೇಳುವವರು ವಿರಳ.

ಆ ಕಥೆ ಸ್ವಾರಸ್ಯಕರವಾಗಿದೆ. 1707ರಲ್ಲಿ ಮೊಗಲರ ಸೆರೆಯಿಂದ ಬಿಡುಗಡೆ ಹೊಂದಿ ಮರಳುತ್ತಿದ್ದ ಛತ್ರಪತಿ ಶಾಹುವನ್ನು ಪಾರದ ಎಂಬ ಹಳ್ಳಿಯ ಲೋಖಂಡೆ ಮನೆತನದ ಪಾಟೀಲನು ಎದುರಿಸಿ ಮಡಿದನು. ಅವನ ಪತ್ನಿ ತನ್ನ ಎಳೆಯ ಮಗುವನ್ನು ಶಾಹುವಿನ ಮಡಿಲಿಗೊಪ್ಪಿಸಿ ಅಭಯ ಬೇಡಿದಳು. ವಿಜಯದ ಕುರುಹಾಗಿ ಶಾಹು ಆ ಕೂಸಿಗೆ ಫತೇಸಿಂಹನೆಂದು ಹೆಸರಿಟ್ಟು, ಭೋಸಲೆ ಮನೆತನದವನಂತೆ ಸಾಕಿದನು. ಮುಂದೆ ಅವನಿಗೆ ದೊರೆತ ಸೀಮೆಯೇ ಅಕ್ಕಲಕೋಟೆ ಸಂಸ್ಥಾನವಾಯಿತು. ಅರಸು ಮನೆತನದ ಶಸ್ತ್ರಾಗಾರವು ಇಂದಿಗೂ ಆ ದಿನಗಳನ್ನು ನೆನಪಿಸುತ್ತದೆ. ದರಬಾರಿನ ನುಡಿ ಮರಾಠಿ, ಹೊಲದ ನುಡಿ ಕನ್ನಡ ಎಂಬ ಏರ್ಪಾಡು ಆಗಿನಿಂದಲೇ ಬಂದುದು.

1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಊರು ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ವರದಿ ಸಲ್ಲಿಸಿ, ಅಕ್ಕಲಕೋಟೆಯು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದೂ ನಿಪ್ಪಾಣಿಯು ಮಹಾರಾಷ್ಟ್ರಕ್ಕೆ ಹೋಗಬೇಕೆಂದೂ ಸಲಹೆ ಮಾಡಿತು. ಅದು ಜಾರಿಗೆ ಬರಲಿಲ್ಲ. 2022ರ ಕೊನೆಯಲ್ಲಿ ತಾಲ್ಲೂಕಿನ ಕೆಲವು ಹಳ್ಳಿಗಳು ಸೌಲಭ್ಯಗಳ ಕೊರತೆಯಿಂದ ಬೇಸತ್ತು ಕರ್ನಾಟಕಕ್ಕೆ ಸೇರುವ ಮಾತೆತ್ತಿದಾಗ ಪತ್ರಿಕೆಗಳು ನಮ್ಮನ್ನು ಕೆಲವು ದಿನ ನೆನೆದವು.

ಗಡಿಯ ವಾದವನ್ನು ಬಲ್ಲವರು ನಡೆಸಲಿ. ನಮ್ಮ ಚಿಂತೆ ಮನೆಯೊಳಗಿನದು. ಒಂದು ಶ್ರಾವಣ ಸೋಮವಾರ ನಮ್ಮ ಮನೆಯ ಹಿರಿಯರು ಕಣ್ಣು ಮಂಜಾದ ಕಾರಣ ತಮ್ಮ ವಚನದ ಪುಸ್ತಕವನ್ನು ಮೊಮ್ಮಗನ ಕೈಗಿತ್ತು ಓದೆಂದರು. ಹುಡುಗನು ಕನ್ನಡವನ್ನು ಅರಳು ಹುರಿದಂತೆ ಮಾತನಾಡುವವನು. ಆದರೆ ಪುಟವನ್ನು ನೋಡಿ ಸುಮ್ಮನೆ ಕುಳಿತನು. ಅವನು ಕಲಿತ ಶಾಲೆಯಲ್ಲಿ ಆ ಅಕ್ಷರಗಳಿರಲಿಲ್ಲ. "ಅಜ್ಜಿ, ನೀವು ಹೇಳಿರಿ, ನಾನು ಬರೆದುಕೊಳ್ಳುತ್ತೇನೆ" ಎಂದು ಕನ್ನಡದ ನುಡಿಯನ್ನು ದೇವನಾಗರಿಯಲ್ಲಿ ಬರೆಯತೊಡಗಿದನು. ಹಿರಿಯರು ಏನನ್ನೂ ಅನ್ನಲಿಲ್ಲ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಜಗುಲಿಯ ಮೇಲಿಟ್ಟರು.

ತಪ್ಪು ಹುಡುಗನದಲ್ಲ. ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಮುಂದೆ ನೌಕರಿಗೆ ತೊಡಕಾದೀತೆಂದು ಅವನನ್ನು ಅಲ್ಲಿಗೆ ಕಳುಹಿಸದವರು ನಾವೇ. ಮರಾಠಿ ನಮಗೆ ಅನ್ನವನ್ನಿತ್ತ ನುಡಿ. ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕೆಂದು ನಾವು ಏಕೆ ಭಾವಿಸಿದೆವೋ!

ಹಾಗೆ ಭಾವಿಸದ ಹಿರಿಯ ಜೀವವೊಂದು ನೆರೆಯ ಸೊಲ್ಲಾಪುರದಲ್ಲಿಯೇ ಬಾಳಿತು. ಶ್ರೀ ಸಿದ್ಧರಾಮೇಶ್ವರರ ಸೊನ್ನಲಿಗೆಯಾದ ಆ ಊರಿನಲ್ಲಿ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಕಲಿತದ್ದು ಮರಾಠಿಯನ್ನು. ಕನ್ನಡದ ಓದು ಬರಹವನ್ನು ಅವರು ಬಳಿಕ ಸ್ವಂತ ಶ್ರಮದಿಂದ ಸಾಧಿಸಿದರು. ಸಿದ್ಧರಾಮೇಶ್ವರರ ಚರಿತೆಯನ್ನು ಕನ್ನಡದಲ್ಲಿ ಮಹಾಕಾವ್ಯವಾಗಿ ರಚಿಸಿದರು. ಶರಣರ ವಚನಗಳನ್ನು ಮರಾಠಿಗರಿಗೂ ಮುಟ್ಟಿಸಿದರು. 1974ರಲ್ಲಿ ಮಂಡ್ಯದಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಗಡಿನಾಡಿನ ಈ ತಾಯಿ.

ಅವರ ನೆನಪು ನಮಗೆ ಧೈರ್ಯವನ್ನಿತ್ತಿತು. ಈಗ ನಮ್ಮ ಮನೆಯಲ್ಲಿ ಸಂಜೆಯ ದೀಪ ಹಚ್ಚಿದ ಮೇಲೆ ಅರ್ಧ ತಾಸು ಕನ್ನಡದ ಪಾಟಿ ಹೊರಬರುತ್ತದೆ. ಅಜ್ಜಿ ಬಾಯಿಯಿಂದ ಹೇಳುತ್ತಾರೆ, ಮೊಮ್ಮಗನು ತಿದ್ದುತ್ತಾನೆ. ಒತ್ತಕ್ಷರಗಳಲ್ಲಿ ಇನ್ನೂ ಎಡವುತ್ತಾನೆ. ಜಗುಲಿಯ ಮೇಲಿನ ಪುಸ್ತಕ ಮಾತ್ರ ಮತ್ತೆ ಕೆಳಗಿಳಿದು ಬಂದಿದೆ. ಗಡಿಯಾಚೆಗೆ ನೆಲೆಸಿರುವ ನಮ್ಮ ಬಂಧುಗಳು ತಮ್ಮ ಮನೆಯ ಮಕ್ಕಳ ಕೈಗೂ ಒಮ್ಮೆ ಅಂಥದೊಂದು ಪುಸ್ತಕವನ್ನಿತ್ತು ನೋಡಲಿ ಎಂಬುದು ನಮ್ಮ ವಿನಂತಿ.