ಷಡ್ಜ ಎಲ್ಲಿಗೆ ಹೋಯಿತು?

ನಮ್ಮಲ್ಲಿ ಕೃತಿಯ ಹೆಸರಿನ ಪಕ್ಕದಲ್ಲಿ ರಾಗ, ತಾಳಗಳನ್ನು ಬರೆಯುವುದುಂಟಷ್ಟೆ. ಪಾಶ್ಚಾತ್ಯರೂ ತಮ್ಮ ಕೃತಿಯ ತಲೆಗೆ ಎರಡು ಸಂಗತಿಗಳನ್ನು ಬರೆಯುತ್ತಾರೆ. ಯಾವ ಸ್ವರವನ್ನು ಷಡ್ಜವಾಗಿಟ್ಟುಕೊಂಡ ಯಾವ ಮೇಳ ಎಂಬುದು ಒಂದು. ನಡೆ ಎಂಥದು ಎಂಬುದು ಇನ್ನೊಂದು. ಇವೆರಡು ತಿಳಿದರೆ ಭಾವವೂ ತಿಳಿದಂತೆಯೇ ಎನ್ನುವವರಿದ್ದಾರೆ. ಮೇಜರ್ ಎಂದರೆ ಸಂತೋಷ, ಮೈನರ್ ಎಂದರೆ ದುಃಖ. ನಿಧಾನವೆಂದರೆ ಅಳು, ಬೇಗವೆಂದರೆ ನಗು. ಸಂಗೀತ ಇಷ್ಟು ಸುಲಭವಾಗಿದ್ದರೆ ಗುರುಗಳ ಅಗತ್ಯವೇ ಇರುತ್ತಿರಲಿಲ್ಲ.

ಈ ವಿಚಾರ ನಮ್ಮ ಮನೆ ಹೊಕ್ಕದ್ದು ಮಗಳ ಪಿಟೀಲಿನ ಮೂಲಕ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಅವಳು ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿಯುತ್ತಿದ್ದಾಳೆ. ಮೈಸೂರಿನಿಂದ ಬಂದು ನಮ್ಮೊಡನಿರುವ ಅಜ್ಜಿಗೆ ಇದು ಹಿಡಿಸಿರಲಿಲ್ಲ. ಅವರು ಎಳೆಯ ವಯಸ್ಸಿನಲ್ಲಿ ಚೌಡಯ್ಯನವರ ಕಛೇರಿ ಕೇಳಿದವರು. “ಊರು ಬಿಟ್ಟದ್ದಾಯಿತು, ಇನ್ನು ಹಾಡೂ ಬಿಟ್ಟುಹೋಗುತ್ತದೆ” ಎಂಬುದು ಅವರ ಕೊರಗು. ಚೌಡಯ್ಯನವರ ಕೈಯ ಪಿಟೀಲೂ ಯೂರೋಪಿನಿಂದ ಬಂದದ್ದೇ ಅಲ್ಲವೆ ಎಂದು ನಾವು ವಾದಿಸಬಹುದಾಗಿತ್ತು. ಆದರೆ ವಾದದಿಂದ ಕೊರಗು ಕರಗುವುದಿಲ್ಲ. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುವ ಯಾವ ಮನೆಯೂ ಆ ಮಾತನ್ನು ಹಗುರವಾಗಿ ತಳ್ಳಿಹಾಕಲಾರದು.

ಮಗಳು ಅಭ್ಯಾಸಕ್ಕೆ ಹಿಡಿದದ್ದು ಹ್ಯಾಂಡೆಲನ ಡಿ ಮೇಜರ್ ಸೊನಾಟ. ಹ್ಯಾಂಡೆಲನೂ ವಲಸೆ ಹೋದವನೇ. 1685ರಲ್ಲಿ ಜರ್ಮನಿಯ ಹಾಲೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ನೆಲಸಿ, 1727ರಲ್ಲಿ ಬ್ರಿಟಿಷ್ ಪ್ರಜೆಯಾಗಿ, 1759ರಲ್ಲಿ ಅಲ್ಲಿಯೇ ತೀರಿಕೊಂಡನು. ಈ ಸೊನಾಟವನ್ನು ಬರೆದದ್ದು 1750ರ ಸುಮಾರಿಗೆ, ಅರವತ್ತು ದಾಟಿದ ಮೇಲೆ. ನಾಲ್ಕು ಭಾಗಗಳು: ನಿಧಾನ, ಬೇಗ, ನಿಧಾನ, ಬೇಗ.

ಮೊದಲನೆಯ ಭಾಗಕ್ಕೆ ಅವನು ಬರೆದ ಮಾತು ‘ಅಫೆತ್ತುವೋಸೊ’, ಎಂದರೆ ಅಕ್ಕರೆಯಿಂದ. ಇದು ಕಾಲವನ್ನು ಹೇಳುವುದಿಲ್ಲ, ಮನಸ್ಸನ್ನು ಹೇಳುತ್ತದೆ. ಅನೇಕ ಪುಸ್ತಕಗಳಲ್ಲಿ ಇದನ್ನು ತೆಗೆದು ‘ಅಡಾಜಿಯೊ’ ಎಂದು ಅಚ್ಚು ಹಾಕಿದ್ದಾರೆ. ಮಕ್ಕಳು ಅದನ್ನು ಓದಿ ನಿಧಾನವಾಗಿ ಎಳೆಯುತ್ತಾರೆ, ಅಕ್ಕರೆ ಮಾತ್ರ ಹಾರಿಹೋಗುತ್ತದೆ.

ಇನ್ನು ಮೇಳದ ಮಾತು. ಹ್ಯಾಂಡೆಲನ ಗೆಳೆಯ ಮ್ಯಾಥೆಸನ್ 1713ರಲ್ಲಿ ಒಂದು ಪುಸ್ತಕ ಬರೆದು ಒಂದೊಂದು ಮೇಳಕ್ಕೂ ಒಂದೊಂದು ಸ್ವಭಾವ ಹಚ್ಚಿದನು. ಡಿ ಮೇಜರ್ ಗದ್ದಲಕ್ಕೆ, ಹಬ್ಬಕ್ಕೆ, ಯುದ್ಧಕ್ಕೆ ತಕ್ಕದ್ದು. ಬಿ ಮೈನರ್ ಮಂಕು ಕವಿದದ್ದು. ಈ ಮಹಾಶಯನೇ 1704ರಲ್ಲಿ ಹ್ಯಾಂಬರ್ಗಿನಲ್ಲಿ ಹ್ಯಾಂಡೆಲನೊಡನೆ ಕತ್ತಿ ಹಿಡಿದು ಕಾದಾಡಿದವನು. ಕೋಟಿನ ಗುಂಡಿಗೆ ತಾಗಿ ಕತ್ತಿ ಮುರಿಯಿತೆಂದು ಅವನೇ ಬರೆದಿದ್ದಾನೆ. ಆ ಗುಂಡಿಗೆ ನಾವು ಋಣಿಗಳು. ಆದರೆ ಮ್ಯಾಥೆಸನ್ನನ ಪಟ್ಟಿಯನ್ನು ಹ್ಯಾಂಡೆಲ್ ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಅವನ ಡಿ ಮೇಜರಿನಲ್ಲಿ ಇಲ್ಲಿ ಯುದ್ಧವಿಲ್ಲ. ಶಂಕರಾಭರಣದ ಸ್ವರಗಳು ಮೆಲ್ಲನೆ ಮೆಟ್ಟಿಲೇರುತ್ತವೆ.

ನಮಗೆ ಬೇಕಾದದ್ದು ಮೂರನೆಯ ಭಾಗ, ‘ಲಾರ್ಗೆಟ್ಟೊ’. ಇದು ಬಿ ಮೈನರ್. ಡಿ ಮೇಜರಿಗೂ ಇದಕ್ಕೂ ಮೂಲ ಸ್ವರಗಳು ಅವೇ ಏಳು. ಷಡ್ಜ ಮಾತ್ರ ಕೆಳಗಿನ ದೈವತಕ್ಕೆ ಇಳಿದಿದೆ. ಸ್ವರಗಳು ಅವೇ ಆದರೂ ನಾದ ಬೇರೆಯಾಗುವುದಕ್ಕೆ ವಾದ್ಯದಲ್ಲಿಯೇ ಕಾರಣವಿದೆ. ಅವರ ಪಿಟೀಲಿನ ನಾಲ್ಕು ತಂತಿಗಳು ಜಿ, ಡಿ, ಎ, ಇ. ಡಿ ಮೇಜರಿನಲ್ಲಿ ಷಡ್ಜ ಪಂಚಮಗಳೆರಡೂ ಬಿಡಿ ತಂತಿಗಳ ಸ್ವರಗಳು. ಅವನ್ನು ನುಡಿಸಿದಾಗ ವಾದ್ಯವೆಲ್ಲ ಝೇಂಕರಿಸುತ್ತದೆ. ಬಿ ಮೈನರಿನ ಷಡ್ಜಕ್ಕೂ ಪಂಚಮಕ್ಕೂ ಬಿಡಿ ತಂತಿಯಿಲ್ಲ. ಬೆರಳು ಒತ್ತಿಯೇ ಹುಟ್ಟಬೇಕು. ಬೆಳಕಿಗೆ ತೆಳುವಾದ ಪರದೆ ಎಳೆದ ಹಾಗಾಗುತ್ತದೆ.

ಮೈನರ್ ಎಂದ ಕೂಡಲೆ ಮಗಳು ಅದನ್ನು ಅಳುವ ಹಾಗೆ ಎಳೆಯತೊಡಗಿದಳು. ಗುರುಗಳು ತಡೆದರು. ಲಾರ್ಗೊ ಎಂದರೆ ವಿಶಾಲ. ಲಾರ್ಗೆಟ್ಟೊ ಎಂದರೆ ಅದರ ಮರಿ, ತುಸು ಚುರುಕಾದದ್ದು. ಮೂರೆಣಿಕೆಯ ಈ ಭಾಗ ನಡೆಯಬೇಕು, ಕುಸಿದು ಕೂರಬಾರದು. ಹ್ಯಾಂಡೆಲನ ಕಾಲದಲ್ಲಿ ಗತಿ ಎಣಿಸುವ ಮೆಟ್ರೊನೋಮ್ ಇರಲಿಲ್ಲ. ಅದಕ್ಕೆ ಪೇಟೆಂಟ್ ದೊರೆತದ್ದು 1815ರಲ್ಲಿ. 1752ರಲ್ಲಿ ಕ್ವಾಂಟ್ಸ್ ಎಂಬ ಕೊಳಲುಗಾರ, ನಿಮಿಷಕ್ಕೆ ಸುಮಾರು 80 ಬಡಿಯುವ ನಾಡಿಯನ್ನೇ ಅಳತೆಗೋಲಾಗಿಟ್ಟುಕೊಳ್ಳಿರೆಂದು ಬರೆದನು. ಗತಿಯನ್ನು ಚುರುಕು ಮಾಡಿದ ಮೇಲೆ ಅಳು ಹೋಗಿ ಗಾಂಭೀರ್ಯ ಬಂತು. ದುಃಖವನ್ನು ಕಂಡೂ ಮನೆಗೆಲಸ ನಿಲ್ಲಿಸದವರ ಗಾಂಭೀರ್ಯ ಅದು.

ಅಡುಗೆಮನೆಯಿಂದ ಕೇಳುತ್ತಿದ್ದ ಅಜ್ಜಿ ಹೊರಗೆ ಬಂದರು. “ಪುಟ್ಟಿ, ಆಗಲೆ ನುಡಿಸಿದೆಯಲ್ಲ, ಆ ಷಡ್ಜ ಎಲ್ಲಿಗೆ ಹೋಯಿತೆ?”

“ಅಲ್ಲೇ ಇದೆ ಅಜ್ಜಿ. ಸ್ವರವೆಲ್ಲ ಅವೇ. ಈಗ ಮನೆ ಮಾತ್ರ ಬೇರೆ.”

“ಹಾಗಾದರೆ ಗ್ರಹಭೇದ ಅನ್ನು! ನಟಭೈರವಿ ಇದು. ನಡುನಡುವೆ ನಿಷಾದ ಏರಿಸುತ್ತೀಯಲ್ಲ, ಆಗ ಕೀರವಾಣಿಯ ವಾಸನೆ ಬರುತ್ತದೆ.”

ಅಜ್ಜಿ ಹೇಳಿದ್ದು ಸರಿ. ರಾಗದ ಗಮಕ ಇಲ್ಲಿಲ್ಲ, ತಂಬೂರಿಯೂ ಕೂಡದು. ಕೆಳಗಿನ ಮಂದ್ರದ ಸ್ವರಗಳು ಸಂಚರಿಸುತ್ತ ಆಧಾರವನ್ನು ಹೊತ್ತು ನಡೆಯುತ್ತವೆ. ಆದರೂ ಕಿವಿ ಗುರುತು ಹಿಡಿಯಿತು. ಭಾವ ಹುಟ್ಟಿದ್ದು ಬಿ ಮೈನರ್ ಎಂಬ ಹೆಸರಿನಿಂದಲ್ಲ. ಡಿ ಮೇಜರಿನ ಮನೆಯಿಂದ ಹೊರಟು ಬಂದುದರಿಂದ. ಬಿಟ್ಟುಬಂದ ಷಡ್ಜ ಕಿವಿಯಲ್ಲಿ ಇನ್ನೂ ಇರುವುದರಿಂದಲೇ ಹೊಸ ಷಡ್ಜಕ್ಕೆ ಆ ಬಣ್ಣ. ಕಡೆಯ ಭಾಗದಲ್ಲಿ ಹ್ಯಾಂಡೆಲ್ ನಮ್ಮನ್ನು ಮತ್ತೆ ಡಿ ಮೇಜರಿಗೆ ಕರೆತರುತ್ತಾನೆ. ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ.

ಅಜ್ಜಿಯ ಕೊರಗು ಪೂರ್ತಿ ಹೋಗಿದೆಯೆಂದು ಹೇಳಲಾರೆವು. ಆದರೆ ಈಗ ಭಾನುವಾರಗಳಂದು ಕೀರವಾಣಿಯ ಪಾಠ ನಡೆಯುತ್ತಿದೆ, ಕೂತುಕೊಂಡೇ. ಓದುಗರು ಬಿಡುವಾದಾಗ ಈ ಸೊನಾಟವನ್ನು ಮೊದಲಿನಿಂದ ಕೇಳಲಿ. ಮೂರನೆಯ ಭಾಗವನ್ನೊಂದೇ ಕೇಳಿದರೆ ಅರ್ಧ ಕೇಳಿದಂತೆ. ಹೊರಟ ಮನೆಯ ನೆನಪಿದ್ದರೆ ಪೂರ್ತಿ ಕೇಳಿದಂತೆ.