ಸೀನಾಯಿಯ ಮೂವತ್ತು ಮೆಟ್ಟಿಲು

ಈಜಿಪ್ಟ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪಿರಮಿಡ್ಡು, ನೈಲ್ ನದಿ, ಒಂಟೆಯ ಮೇಲೆ ಕುಳಿತ ಪ್ರವಾಸಿಯ ಫೋಟೊ. ಆದರೆ ಆ ದೇಶದ ನಕಾಶೆಯ ಬಲಬದಿಗೆ, ಸೂಯೆಜ್ ಕಾಲುವೆಯ ಆಚೆ, ಮುಕ್ಕೋನದ ತುಂಡೊಂದು ಕೆಂಪು ಸಮುದ್ರಕ್ಕೆ ಚಾಚಿಕೊಂಡಿದೆ. ಅದೇ ಸೀನಾಯಿ. ಕೈರೋದಿಂದ ಬಸ್ಸು ಹಿಡಿದರೆ, ಕಾಲುವೆಯ ಅಡಿಯ ಸುರಂಗ ದಾಟಿ, ತಪಾಸಣೆಯ ಠಾಣೆಗಳಲ್ಲಿ ನಿಂತು ನಿಂತು, ಹೆಚ್ಚುಕಡಿಮೆ ಒಂದು ಹಗಲಿನ ದಾರಿ. ಸಮುದ್ರ ತೀರ ಬಿಟ್ಟು ಒಳಕ್ಕೆ ತಿರುಗಿದ ಮೇಲೆ ಹಸಿರು ಎಂಬುದು ಮರೆತೇ ಹೋಗುತ್ತದೆ. ಎರಡೂ ಕಡೆ ಬೋಳು ಬೆಟ್ಟ, ಸುಟ್ಟ ಇಟ್ಟಿಗೆಯ ಬಣ್ಣದ ಕಗ್ಗಲ್ಲು. ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ, ಅದರ ನೆರಳಿಗೆ ನಾಲ್ಕು ಮೇಕೆ.

ಕೊನೆಗೆ ಒಂದು ಇಕ್ಕಟ್ಟಾದ ಕಣಿವೆಯ ತುದಿಯಲ್ಲಿ ಕೋಟೆಯಂಥ ಗೋಡೆ, ಅದರ ಪಕ್ಕಕ್ಕೆ ಸೈಪ್ರಸ್ ಮರಗಳ ಸಾಲು ಕಾಣಿಸುತ್ತವೆ. ಅದು ಸಂತ ಕ್ಯಾಥರೀನಳ ಮಠ. ಹಿಂದೆ ತಲೆಯೆತ್ತಿ ನಿಂತಿರುವುದು ಜೆಬೆಲ್ ಮೂಸಾ, ಅಂದರೆ ಮೋಶೆಯ ಬೆಟ್ಟ. ಎತ್ತರ 2285 ಮೀಟರ್. ಮೋಶೆಗೆ ದಶಾಜ್ಞೆ ದೊರೆತದ್ದು ಇಲ್ಲೇ ಎಂದು ಯೆಹೂದ್ಯರಲ್ಲಿ, ಕ್ರೈಸ್ತರಲ್ಲಿ, ಮುಸ್ಲಿಮರಲ್ಲಿ ಅನೇಕರ ನಂಬಿಕೆ. ಬೇರೆ ಬೆಟ್ಟಗಳನ್ನು ತೋರಿಸುವ ವಿದ್ವಾಂಸರೂ ಇದ್ದಾರೆ. ಆದರೆ ಸಾವಿರದ ಆರುನೂರು ವರ್ಷಗಳಿಂದ ಯಾತ್ರಿಕರು ಹತ್ತುತ್ತಿರುವುದು ಇದನ್ನೇ. ಎಗೇರಿಯಾ ಎಂಬ ಮಹಿಳೆ ನಾಲ್ಕನೆಯ ಶತಮಾನದ ಕೊನೆಯಲ್ಲಿ ಪಶ್ಚಿಮ ಯೂರೋಪಿನಿಂದ ಇಲ್ಲಿಯವರೆಗೆ ಬಂದು, ತಾನು ಕಂಡದ್ದನ್ನು ಬರೆದಿಟ್ಟಿದ್ದಾಳೆ. ಉರಿಯುವ ಮುಳ್ಳುಪೊದೆಯ ಬಳಿ ಆಗಲೇ ಒಂದು ಚರ್ಚು, ಒಂದು ತೋಟ, ಸುತ್ತ ತಪಸ್ವಿಗಳ ಗುಡಿಸಲುಗಳು ಇದ್ದವಂತೆ.

ಈಗ ಕಾಣುವ ಕೋಟೆ ಮತ್ತು ಚರ್ಚು ಆರನೆಯ ಶತಮಾನದವು. ಚಕ್ರವರ್ತಿ ಜಸ್ಟೀನಿಯನ್ ಕಟ್ಟಿಸಿದ್ದು. ಚರ್ಚಿನ ಮಾಡಿನ ತೊಲೆಗಳ ಮೇಲೆ ಅವನ ಹೆಸರೂ, ಆ ವೇಳೆಗೆ ತೀರಿಕೊಂಡಿದ್ದ ರಾಣಿ ಥಿಯೊಡೋರಾಳ ಹೆಸರೂ ಇರುವುದರಿಂದ ಕಾಲ 548 ಮತ್ತು 565ರ ನಡುವೆ ಎಂದು ಗೊತ್ತು ಮಾಡಿದ್ದಾರೆ. ಹಿಂದೆ ಶತಮಾನಗಳ ಕಾಲ ಗೋಡೆಗೆ ಬಾಗಿಲೇ ತೆರೆಯುತ್ತಿರಲಿಲ್ಲ. ಬಂದವರನ್ನು ಹಗ್ಗ ಕಟ್ಟಿ ರಾಟೆಯಿಂದ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಬಾವಿಯಿಂದ ನೀರು ಸೇದಿದಂತೆ ಭಕ್ತರನ್ನು ಸೇದಿಕೊಂಡ ಆ ಕಿಂಡಿ ಇಂದಿಗೂ ಇದೆ. ನಮಗೀಗ ಬೇರೆ ಬಾಗಿಲುಂಟು. ತಲೆ ತಗ್ಗಿಸಿದರೆ ಸಾಕು.

ಒಳಗೆ ಓಣಿ, ಮೆಟ್ಟಿಲು, ಮರದ ಜಗಲಿ, ಮೇಲೊಂದು ಗಂಟೆಗೋಪುರ. ಅದರ ಮಗ್ಗುಲಲ್ಲೇ ಫಾತಿಮಿದರ ಕಾಲದ ಮಸೀದಿಯ ಮಿನಾರು! ಮಠದ ಕೆಲಸಕ್ಕೆ ನಿಂತ ಜೆಬೆಲಿಯಾ ಎಂಬ ಬೆದೂಯಿನ್ ಜನ ಮುಸ್ಲಿಮರು. ತಮ್ಮ ಹಿರಿಯರನ್ನು ಜಸ್ಟೀನಿಯನ್ನನೇ ಮಠದ ಕಾವಲಿಗೆ ಇಲ್ಲಿಗೆ ತಂದಿಟ್ಟ ಎನ್ನುತ್ತಾರೆ ಅವರು. ಮುಳ್ಳುಪೊದೆಯ ಗುಡಿಗೆ ಹೋಗುವವರು ಪಾದರಕ್ಷೆ ಹೊರಗೆ ಬಿಡಬೇಕು. ಮೋಶೆಗೆ ಆದ ಅಪ್ಪಣೆಯೇ ಅದು. ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಏಣಿ ಕಟ್ಟಿದ ಯೋಹಾನ

ಈ ಮಠ ಜಗತ್ತಿಗೆ ಕೊಟ್ಟ ವಸ್ತುಗಳಲ್ಲಿ ಹೆಚ್ಚು ದೂರ ನಡೆದದ್ದು ಒಂದು ಪುಸ್ತಕ. ಅದರ ಹೆಸರೇ 'ಏಣಿ'. ಬರೆದವರು ಏಳನೆಯ ಶತಮಾನದಲ್ಲಿ ಇಲ್ಲಿಯ ಮಠಾಧಿಪತಿಯಾಗಿದ್ದ ಯೋಹಾನರು. ಪುಸ್ತಕದಿಂದಾಗಿ ಅವರಿಗೆ 'ಕ್ಲಿಮಾಕಸ್' ಎಂಬ ಅಡ್ಡಹೆಸರೇ ಅಂಟಿಕೊಂಡಿತು. ಗ್ರೀಕ್ ಭಾಷೆಯಲ್ಲಿ ಕ್ಲಿಮಾಕ್ಸ್ ಎಂದರೆ ಏಣಿ. ನಮ್ಮ ಸಿನಿಮಾದವರು ಹೇಳುವ ಕ್ಲೈಮ್ಯಾಕ್ಸ್ ಕೂಡ ಅದೇ ಪದದ ಮೊಮ್ಮಗ.

ಯೋಹಾನರು ಹದಿನಾರರ ಹರೆಯದಲ್ಲಿ ಸೀನಾಯಿಗೆ ಬಂದವರು. ಮಾರ್ತಿರಿಯೊಸ್ ಎಂಬ ಗುರುವಿನ ಕೈಕೆಳಗೆ ಬೆಳೆದರು. ಗುರು ತೀರಿದ ಮೇಲೆ ಮಠದಿಂದ ದೂರದ ಥೋಲಾಸ್ ಎಂಬ ಕಣಿವೆಯಲ್ಲಿ ನಲವತ್ತು ವರ್ಷ ಒಂಟಿಯಾಗಿ ಕಳೆದರು. ಆಮೇಲೆ ಸಂನ್ಯಾಸಿಗಳೆಲ್ಲ ಸೇರಿ ಅವರನ್ನು ಕರೆತಂದು ಮಠದ ಹೊಣೆ ಹೊರಿಸಿದರು. ಕೆಂಪು ಸಮುದ್ರದ ದಡದ ರೈಥು ಎಂಬಲ್ಲಿ ಇನ್ನೊಂದು ಮಠವಿತ್ತು. ಅದರ ಮುಖ್ಯಸ್ಥರು (ಅವರ ಹೆಸರೂ ಯೋಹಾನರೇ) ನಮ್ಮ ಹುಡುಗರಿಗೆ ದಾರಿ ತೋರಿಸಿ ಎಂದು ಕೇಳಿಕೊಂಡಾಗ ಹುಟ್ಟಿದ್ದು ಈ ಗ್ರಂಥ. ಏಣಿಗೆ ಮೂವತ್ತು ಮೆಟ್ಟಿಲು. ಯೇಸು ಊರೂರು ತಿರುಗಿ ಬೋಧಿಸುವ ಮುನ್ನ ನಜರೇತಿನಲ್ಲಿ ಯಾರ ಕಣ್ಣಿಗೂ ಬೀಳದೆ ಬಾಳಿದ ವರ್ಷಗಳು ಸುಮಾರು ಮೂವತ್ತು. ಬೆಳವಣಿಗೆ ಎಂಬುದು ಕಣ್ಣಿಗೆ ಕಾಣದೆ ನಡೆಯುವ ಕೆಲಸ ಎಂಬುದನ್ನು ಲೆಕ್ಕದಲ್ಲೇ ಸೂಚಿಸಿಬಿಟ್ಟಿದ್ದಾರೆ.

ಮೆಟ್ಟಿಲುಗಳ ಸಾಲನ್ನು ಸ್ವಲ್ಪ ಗಮನಿಸಬೇಕು. ಮೊದಲನೆಯದು ಲೋಕವನ್ನು ಬಿಡುವುದು. ನಾವು ಸಾಮಾನ್ಯವಾಗಿ ಕೊನೆಯದೆಂದು ತಿಳಿಯುವ ಸಂನ್ಯಾಸ ಅಲ್ಲಿ ಬರೀ ಹೊಸ್ತಿಲು. ನಾಲ್ಕನೆಯದು ವಿಧೇಯತೆ, ಐದನೆಯದು ಪಶ್ಚಾತ್ತಾಪ, ಆರನೆಯದು ಸಾವಿನ ನೆನಪು. ಎಂಟರಲ್ಲಿ ಕೋಪ, ಒಂಬತ್ತರಲ್ಲಿ ಹಳೆಯ ಅನ್ಯಾಯವನ್ನು ಮನಸ್ಸಿನಲ್ಲಿ ಸಾಕಿಕೊಳ್ಳುವುದು. ಹತ್ತು, ಹನ್ನೊಂದು, ಹನ್ನೆರಡು ಮೂರೂ ನಾಲಿಗೆಗೆ ಮೀಸಲು: ಚಾಡಿ, ವಾಚಾಳಿತನ, ಸುಳ್ಳು. ಹದಿಮೂರು ಬೇಸರ, ಮಧ್ಯಾಹ್ನದ ಹೊತ್ತು ಪ್ರಾರ್ಥನೆಗೆ ಕುಳಿತವನಿಗೆ ಬರುವ ಆಕಳಿಕೆ. ಹದಿನಾಲ್ಕು ಹೊಟ್ಟೆಬಾಕತನ. ಮುಂದೆ ನಿದ್ದೆ, ಭಯ ಎಲ್ಲಕ್ಕೂ ಒಂದೊಂದು ಮೆಟ್ಟಿಲು. ದರ್ಶನ, ಪವಾಡಗಳ ಮಾತು ಹುಡುಕಿ ಹೋದವನಿಗೆ ಸಿಗುವುದು ಊಟ, ಮಾತು, ನಿದ್ದೆ. ಮನೆಯಲ್ಲಿ ಕುಳಿತ ಸಂಸಾರಿಗೂ ಗುರುತು ಹತ್ತುವ ಸಂಗತಿಗಳು!

ಓದುವವನನ್ನು ಬೆಚ್ಚಿಸುವುದು ಇಪ್ಪತ್ತೆರಡು, ಇಪ್ಪತ್ತಮೂರನೆಯ ಮೆಟ್ಟಿಲುಗಳು: ಹೊಗಳಿಕೆಯ ಆಸೆ ಮತ್ತು ಗರ್ವ. ಇವು ಕೆಳಗಿರಬೇಕಿತ್ತಲ್ಲವೇ ಎನ್ನಿಸುತ್ತದೆ. ಕೆಳಗಿನವನಿಗೆ ಗರ್ವಪಡಲು ಏನಿದೆ? ಇಪ್ಪತ್ತು ಮೆಟ್ಟಿಲು ಹತ್ತಿದವನಿಗೇ ಆ ಕಾಯಿಲೆ. ಉಪವಾಸ ಮಾಡಿದರೆ ಅದಕ್ಕೊಂದು ಹೆಮ್ಮೆ. ಯಾರಿಗೂ ತಿಳಿಯದಿರಲೆಂದು ಉಪವಾಸ ಮುರಿದರೆ ತನ್ನ ಜಾಣತನಕ್ಕೊಂದು ಹೆಮ್ಮೆ. ಒಳ್ಳೆಯ ಬಟ್ಟೆ ಉಟ್ಟರೂ ಹೆಮ್ಮೆ, ಹರಕು ಉಟ್ಟರೂ ಹೆಮ್ಮೆ. ಮಾತಾಡಿದರೂ, ಸುಮ್ಮನಿದ್ದರೂ ಅದು ಬಿಡದು. ಯೋಹಾನರು ಇದನ್ನು, ಹೇಗೆ ಎಸೆದರೂ ಒಂದು ಮೊನೆ ಮೇಲೆ ಮಾಡಿ ನಿಲ್ಲುವ ಮುಳ್ಳಿಗೆ ಹೋಲಿಸುತ್ತಾರೆ. ನಮ್ಮ ಹೊಲಗಳ ನೆಗ್ಗಿಲ ಮುಳ್ಳು ತುಳಿದವರಿಗೆ ಇದಕ್ಕೆ ಟೀಕೆ ಬೇಡ.

ಅದನ್ನು ದಾಟಿದರೆ ದೀನತೆ, ವಿವೇಚನೆ, ಮೌನ, ಪ್ರಾರ್ಥನೆ. ಕಟ್ಟಕಡೆಯ ಮೂವತ್ತನೆಯದು ನಂಬಿಕೆ, ನಿರೀಕ್ಷೆ, ಪ್ರೀತಿ ಮೂರರ ಕಟ್ಟು. ಅವುಗಳಲ್ಲಿ ದೊಡ್ಡದು ಪ್ರೀತಿ. ಭಾನುವಾರದ ಪಾಠಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಮೊದಲ ದಿನ ಹೇಳಿಕೊಡುವುದನ್ನು ಇವರು ಕೊನೆಗೆ ಇಟ್ಟಿದ್ದಾರೆ. ಷಟ್‌ಸ್ಥಲವನ್ನೂ ಜೈನರ ಹದಿನಾಲ್ಕು ಗುಣಸ್ಥಾನಗಳನ್ನೂ ಕೇಳಿ ಬಲ್ಲ ಕನ್ನಡಿಗನಿಗೆ ಈ ಮೆಟ್ಟಿಲಿನ ಮಾತು ಹೊಸದಲ್ಲ. ಹನ್ನೊಂದನೆಯ ಗುಣಸ್ಥಾನಕ್ಕೆ ಏರಿದ ಜೀವವೂ ಕೆಳಕ್ಕೆ ಜಾರುತ್ತದೆ ಎನ್ನುತ್ತದೆ ಜೈನಶಾಸ್ತ್ರ. ದಾರಿಗಳು ಬೇರೆ, ಗುರಿಯೂ ಬೇರೆ. ಜಾರುವ ಭಯ ಮಾತ್ರ ಒಂದೇ.

ಆ ಜಾರುವಿಕೆಯನ್ನೇ ಬರೆದ ಚಿತ್ರವೊಂದು ಮಠದಲ್ಲಿದೆ. ಹನ್ನೆರಡನೆಯ ಶತಮಾನದ ಐಕಾನ್, ಅಂದರೆ ಹಲಗೆಯ ಮೇಲಿನ ಪೂಜ್ಯ ಚಿತ್ರ. ದೊಡ್ಡದೇನಲ್ಲ, ಮೊಳದುದ್ದಕ್ಕೂ ಕಡಿಮೆ. ಚಿನ್ನದ ಬಣ್ಣದ ಹಿನ್ನೆಲೆಯಲ್ಲಿ ಓರೆಯಾಗಿ ನಿಂತ ಏಣಿ, ಅದರ ಮೇಲೆ ಸಂನ್ಯಾಸಿಗಳ ಸಾಲು. ತುದಿಯಲ್ಲಿ ಯೇಸು, ಎಲ್ಲರಿಗಿಂತ ಮುಂದೆ ಯೋಹಾನರು. ಕಪ್ಪು ನೆರಳುಗಳಂಥ ಪುಟ್ಟ ದೆವ್ವಗಳು ಹಗ್ಗ ಹಾಕಿ, ಇಕ್ಕಳ ಹಿಡಿದು, ಬಾಣ ಬಿಟ್ಟು ಹತ್ತುವವರನ್ನು ಎಳೆಯುತ್ತಿವೆ. ಬೀಳುವವರು ಬರೀ ಕೆಳಗಿನ ಮೆಟ್ಟಿಲಿನವರಲ್ಲ. ಸಾಕಷ್ಟು ಮೇಲೇರಿದವರೂ ತಲೆಕೆಳಗಾಗಿ ಬರುತ್ತಿದ್ದಾರೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಈಸ್ಟರಿಗೆ ಮುಂಚಿನ ಉಪವಾಸಕಾಲದ ನಾಲ್ಕನೆಯ ಭಾನುವಾರ ಯೋಹಾನರ ಹೆಸರಿನದು. ಆ ದಿನಗಳಲ್ಲಿ ಮಠಗಳಲ್ಲಿ 'ಏಣಿ'ಯ ಪಾರಾಯಣವೂ ನಡೆಯುತ್ತದೆ.

ಬಾಗಿಲಲ್ಲಿ ಕುಳಿತ ಸ್ತೆಫಾನೊಸ್

ಮಠದ ಹಿಂಬದಿಯಿಂದ ಬೆಟ್ಟಕ್ಕೆ ನಿಜವಾದ ಮೆಟ್ಟಿಲುಗಳೇ ಇವೆ. ಲೆಕ್ಕ 3750 ಎನ್ನುತ್ತಾರೆ. ಒಬ್ಬ ಸಂನ್ಯಾಸಿ ತನ್ನ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಒಬ್ಬನೇ ಕಲ್ಲು ಹೊತ್ತು ಜೋಡಿಸಿದನೆಂದು ಪ್ರತೀತಿ. ಸುತ್ತುಬಳಸಿನ ಒಂಟೆದಾರಿ ಹತ್ತೊಂಬತ್ತನೆಯ ಶತಮಾನದಲ್ಲಿ ಆದದ್ದು. ಸೂರ್ಯೋದಯ ನೋಡಲು ನಡುರಾತ್ರಿ ಹೊರಡುವ ಹೆಚ್ಚಿನವರು ಅದರಲ್ಲೇ ಹೋಗಿ, ಕೊನೆಯ 750 ಮೆಟ್ಟಿಲು ಮಾತ್ರ ಹತ್ತುತ್ತಾರೆ. ಆ 750ಕ್ಕೇ ಉಸಿರು ಸಾಲುವುದಿಲ್ಲ.

ಹಳೆಯ ಮೆಟ್ಟಿಲುದಾರಿಯಲ್ಲಿ ಎರಡು ಬಂಡೆಗಳ ನಡುವೆ ಕಲ್ಲಿನ ಕಮಾನೊಂದಿದೆ. ಆರನೆಯ ಶತಮಾನದಲ್ಲಿ ಸ್ತೆಫಾನೊಸ್ ಎಂಬ ಸಂನ್ಯಾಸಿ ಇಲ್ಲಿ ಕುಳಿತು ಹತ್ತುವವರ ಪಾಪನಿವೇದನೆ ಕೇಳುತ್ತಿದ್ದರಂತೆ. ಹೇಳಿಕೊಳ್ಳಬೇಕಾದ್ದನ್ನು ಹೇಳಿಕೊಂಡವರಿಗೇ ಮುಂದಿನ ದಾರಿ. ಇಂದು ಆ ಕಮಾನಿನ ಕೆಳಗೆ ಜನ ಕುಳಿತು ನೀರು ಕುಡಿಯುತ್ತಾರೆ. ಸ್ತೆಫಾನೊಸ್ ಮಾತ್ರ ಊರು ಬಿಟ್ಟಿಲ್ಲ. ಮಠದ ತೋಟದ ಅಸ್ಥಿಗೃಹದಲ್ಲಿ, ಶತಮಾನಗಳ ಸಂನ್ಯಾಸಿಗಳ ತಲೆಬುರುಡೆಗಳ ರಾಶಿಯ ಬಳಿ, ಅವರ ಅಸ್ಥಿಪಂಜರ ಸಂನ್ಯಾಸಿಯ ನಿಲುವಂಗಿ ತೊಟ್ಟು ಕುಳಿತಿದೆ. ನೆಲ ಅಗೆಯಲು ಕಷ್ಟವಾದ ಈ ಕಲ್ಲುನಾಡಿನಲ್ಲಿ ಹೂಳುವ ಜಾಗ ಕಡಿಮೆ. ಕೆಲವು ಕಾಲದ ನಂತರ ಮೂಳೆ ತೆಗೆದು ಇಲ್ಲಿ ಇಡುತ್ತಾರೆ. ಆರನೆಯ ಮೆಟ್ಟಿಲಾದ ಸಾವಿನ ನೆನಪಿಗೆ ಬೇರೆ ಪಾಠ ಬೇಕಿಲ್ಲ.

ಸ್ತೆಫಾನೊಸ್ ಎಂಬ ಹೆಸರಿನ ತಪಸ್ವಿಯೊಬ್ಬರ ಕತೆ 'ಏಣಿ'ಯ ಏಳನೆಯ ಮೆಟ್ಟಿಲಿನಲ್ಲಿ ಬರುತ್ತದೆ. ಕಮಾನಿನ ಸ್ತೆಫಾನೊಸರೇ ಅವರೆಂದು ಹಲವರು ಹೇಳುವುದುಂಟು. ಹತ್ತಾರು ವರ್ಷ ಉಪವಾಸ, ಕಣ್ಣೀರು, ಏಕಾಂತದಲ್ಲಿ ಬಾಳಿದವರು. ಮರುಭೂಮಿಯಲ್ಲಿ ಚಿರತೆಗೆ ಕೈಯಾರೆ ಉಣಿಸಿದರೆಂದು ಹೆಸರಾದವರು. ಸಾಯುವ ಹಿಂದಿನ ದಿನ ಅವರು ಕಣ್ಣು ಬಿಟ್ಟುಕೊಂಡೇ ಹಾಸಿಗೆಯ ಎಡಕ್ಕೂ ಬಲಕ್ಕೂ ನೋಡುತ್ತ ಯಾರಿಗೋ ಉತ್ತರ ಕೊಡತೊಡಗಿದರು. ಒಂದು ಆರೋಪಕ್ಕೆ, ಹೌದು, ಮಾಡಿದ್ದೆ, ಅದಕ್ಕಾಗಿ ಇಷ್ಟು ವರ್ಷ ಉಪವಾಸವಿದ್ದೆ ಎಂದರು. ಇನ್ನೊಂದಕ್ಕೆ, ಅದು ಸುಳ್ಳು ಎಂದರು. ಮತ್ತೊಂದಕ್ಕೆ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ದೇವರ ದಯೆಯುಂಟು ಎಂದಷ್ಟೇ ಹೇಳಿದರು. ಲೆಕ್ಕ ಮುಗಿಯುವ ಮುನ್ನ ಪ್ರಾಣ ಹೋಯಿತು. ತೀರ್ಪು ಏನಾಯಿತೆಂದು ಸುತ್ತ ನಿಂತವರಿಗೆ ತಿಳಿಯಲಿಲ್ಲ. ಯೋಹಾನರು ಕತೆಯನ್ನು ಅಷ್ಟಕ್ಕೇ ನಿಲ್ಲಿಸುತ್ತಾರೆ. ಪಕ್ವವಾದೆ ಎಂದು ಹೇಳಿಕೊಳ್ಳುವ ಸರ್ಟಿಫಿಕೇಟು ಚಿರತೆಗೆ ಉಣಿಸಿದವರಿಗೂ ಸಿಕ್ಕಲಿಲ್ಲ.

ಇಳಿಯುವ ದಾರಿ

ತುದಿಯಲ್ಲಿ 1934ರಲ್ಲಿ ಕಟ್ಟಿದ ಪುಟ್ಟ ಚರ್ಚು, ಒಂದು ಸಣ್ಣ ಮಸೀದಿ, ಕೊರೆಯುವ ಗಾಳಿ. ಸೂರ್ಯ ಮೂಡುವಾಗ ಸಾಲು ಸಾಲು ಬೆಟ್ಟಗಳು ಕೆಂಡದಂತೆ ಹೊಳೆಯುತ್ತವೆ. ಅರ್ಧ ಗಂಟೆ ಕಳೆದರೆ ಎಲ್ಲರಿಗೂ ಇಳಿಯುವ ಆತುರ. ಮೇಲೆ ನೀರಿಲ್ಲ, ನೆರಳಿಲ್ಲ. ಅದು ಉಳಿಯುವ ಜಾಗವಲ್ಲ.

ಬೈಬಲಿನ ಕತೆಯೂ ಇದನ್ನೇ ಹೇಳುತ್ತದೆ. ಮಠದ ಚರ್ಚಿನ ಬಲಿಪೀಠದ ಮೇಲ್ಗಡೆ ಆರನೆಯ ಶತಮಾನದ ಮೊಸಾಯಿಕ್ ಚಿತ್ರವಿದೆ: ಬೆಟ್ಟದ ಮೇಲೆ ಬೆಳಗಿದ ಯೇಸು, ಅಕ್ಕಪಕ್ಕ ಮೋಶೆ ಮತ್ತು ಎಲೀಯ, ಕಾಲ ಬಳಿ ಬೆರಗಾದ ಮೂವರು ಶಿಷ್ಯರು. ಇಲ್ಲೇ ಮೂರು ಗುಡಾರ ಹಾಕೋಣವೆಂದವನು ಪೇತ್ರ. ಯೇಸು ಒಪ್ಪಲಿಲ್ಲ. ಕೆಳಗಿಳಿದರೆ ಅಲ್ಲೊಬ್ಬ ಕಾಯಿಲೆಯ ಹುಡುಗ, ಅಳುವ ತಂದೆ ಕಾದಿದ್ದರು. ಮೋಶೆ ಮೊದಲ ಸಲ ಇಳಿದಾಗ ಕಂಡದ್ದು ಚಿನ್ನದ ಕರುವಿನ ಸುತ್ತ ಕುಣಿಯುವ ಜನ. ಸಿಟ್ಟಿನಲ್ಲಿ ಶಿಲಾಶಾಸನಗಳನ್ನೇ ಒಡೆದುಹಾಕಿದ. ಮತ್ತೆ ಹತ್ತಿ ಎರಡನೆಯ ಸಲ ಇಳಿದು ಬಂದಾಗ ಅವನ ಮುಖ ಹೊಳೆಯುತ್ತಿತ್ತು. ಆದರೆ ಹೊಳೆಯುತ್ತಿದೆ ಎಂಬುದು ಅವನಿಗೇ ಗೊತ್ತಿರಲಿಲ್ಲ ಎನ್ನುತ್ತದೆ ವಿಮೋಚನಕಾಂಡ. ಯೋಹಾನರ ಇಪ್ಪತ್ತೆರಡನೆಯ ಮೆಟ್ಟಿಲಿಗೆ ಉತ್ತರ ಅದರಲ್ಲೇ ಇದೆ. ಬೆಳೆದವನ ಬೆಳಕು ಎದುರಿಗಿರುವವರಿಗೆ ಕಾಣುವಂಥದ್ದು. ನಲವತ್ತು ವರ್ಷದ ಏಕಾಂತ ಬಿಟ್ಟು, ಹತ್ತು ಜನರ ಜಗಳ, ಜ್ವರ, ಊಟದ ವ್ಯವಸ್ಥೆ ನೋಡುವ ಪೀಠಕ್ಕೆ ಯೋಹಾನರು ಬಂದದ್ದನ್ನೂ ಈ ಇಳಿತಗಳ ಪಕ್ಕದಲ್ಲಿಟ್ಟೇ ನೋಡಬೇಕು.

ಇಂದಿನ ಮಠಕ್ಕೂ ಈ ಪರೀಕ್ಷೆ ತಪ್ಪಿಲ್ಲ. ಜರ್ಮನ್ ವಿದ್ವಾಂಸ ಟಿಷೆಂಡಾರ್ಫ್ 1859ರಲ್ಲಿ ಇಲ್ಲಿಂದ ಕೊಂಡೊಯ್ದ ನಾಲ್ಕನೆಯ ಶತಮಾನದ ಬೈಬಲ್ ಪ್ರತಿ ರಷ್ಯಕ್ಕೆ ಹೋಗಿ, 1933ರಲ್ಲಿ ಒಂದು ಲಕ್ಷ ಪೌಂಡಿಗೆ ಲಂಡನ್ನಿಗೆ ಮಾರಾಟವಾಯಿತು. ಹಿಂದಿರುಗಿಸುತ್ತೇನೆಂದು ಆತ ಬರೆದುಕೊಟ್ಟ ಪತ್ರವನ್ನು ಮಠದವರು ಇಂದಿಗೂ ತೋರಿಸುತ್ತಾರೆ. 2025ರ ಮೇ ತಿಂಗಳಲ್ಲಿ ಈಜಿಪ್ಟಿನ ನ್ಯಾಯಾಲಯವೊಂದು, ಮಠದ ಜಾಗ ಸರಕಾರದ್ದು, ಸಂನ್ಯಾಸಿಗಳಿಗೆ ಬಳಸುವ ಹಕ್ಕು ಮಾತ್ರ ಎಂದು ತೀರ್ಪಿತ್ತಿತು. ಅದೇ ವರ್ಷ ಒಳಗಿನ ಭಿನ್ನಮತವೂ ಬೀದಿಗೆ ಬಂದು, 1973ರಿಂದ ಪೀಠದಲ್ಲಿದ್ದ ಆರ್ಚ್‌ಬಿಷಪ್ ದಾಮಿಯಾನೊಸ್ ಸೆಪ್ಟೆಂಬರಿನಲ್ಲಿ ಸ್ಥಾನ ಬಿಟ್ಟರು. ಕಣಿವೆಯಲ್ಲಿ ಹೊಸ ಹೋಟೆಲುಗಳ ಕಾಮಗಾರಿಯೂ ನಡೆದಿದೆ. ಸಂನ್ಯಾಸಿಗಳಿಗೂ ಜಗಳವೇ ಎಂದು ನಗುವವರು ನಗಬಹುದು. ಎಂಟನೆಯ, ಒಂಬತ್ತನೆಯ ಮೆಟ್ಟಿಲುಗಳನ್ನು ಯೋಹಾನರು ಬರೆದದ್ದು ಸಂನ್ಯಾಸಿಗಳಿಗಾಗಿಯೇ.

ಯಾತ್ರಿಕರು ಬೆಟ್ಟ ಇಳಿದು ಮಠದ ಬಾಗಿಲಿಗೆ ಬರುವ ಹೊತ್ತಿಗೆ, ನಸುಕಿನಲ್ಲೇ ಎದ್ದ ಸಂನ್ಯಾಸಿಗಳ ಪ್ರಾರ್ಥನೆ ಮುಗಿದಿರುತ್ತದೆ. ಒಬ್ಬರು ಅಂಗಳ ಗುಡಿಸುತ್ತಾರೆ, ಒಬ್ಬರು ಬಂದವರಿಗೆ ದಾರಿ ತೋರಿಸುತ್ತಾರೆ. ಹಿಂದಿನ ದಿನ ನೂರು ಸಲ ಕೇಳಿಸಿಕೊಂಡ ಪ್ರಶ್ನೆಗೇ ಮತ್ತೆ ತಾಳ್ಮೆಯಿಂದ ಉತ್ತರ ಹೇಳುತ್ತಾರೆ. ಅದು ಎಷ್ಟನೆಯ ಮೆಟ್ಟಿಲೋ, ಹೇಳುವವರು ಯಾರು?