ಪೆಟ್ಟಿಗೆಯ ಮೈಮೇಲಿನ ಗುರುತು

ಆರ್.ಟಿ. ನಗರ ಎಂದರೆ ರವೀಂದ್ರನಾಥ ಟ್ಯಾಗೋರ್ ನಗರ ಎಂಬುದು ಅಲ್ಲಿ ವಾಸವಿರುವ ಎಷ್ಟೋ ಮಂದಿಗೇ ಮರೆತುಹೋಗಿದೆ. ಆ ಕವಿ 1929ರಲ್ಲಿ ಕೊರಿಯಾದ ದೋಂಗ್-ಎ ಇಲ್ಬೋ ಪತ್ರಿಕೆಗಾಗಿ, ಪರರ ಆಳ್ವಿಕೆಯಲ್ಲಿದ್ದ ಆ ದೇಶವನ್ನು ದೀಪಕ್ಕೆ ಹೋಲಿಸಿ ಕೆಲವು ಸಾಲು ಬರೆದಿದ್ದರು. ಈ ಸಂಗತಿ ಹೇಳಿದವರು ಅದೇ ಬಡಾವಣೆಯ ನನ್ನ ಹಿರಿಯ ಸ್ನೇಹಿತರು. ನೌಕರಿಯ ಮೇಲೆ ಕೆಲವು ವರ್ಷ ಸೋಲ್ ನಗರದಲ್ಲಿದ್ದು ಬಂದವರು. ಅವರ ನಡುಮನೆಯಲ್ಲಿ ಅಲ್ಲಿಂದ ತಂದ ಮರದ ಪೆಟ್ಟಿಗೆಯೊಂದು ಕೂತಿದೆ.

'ಇದಕ್ಕೆ ಬಂದಾಜಿ ಅಂತಾರೆ' ಎಂದರು. ಅರ್ಧ ಮುಚ್ಚುವ ಪೆಟ್ಟಿಗೆ ಎಂದು ಅರ್ಥ. ನಮ್ಮ ಪೆಟ್ಟಿಗೆಗಳಂತೆ ಇದರ ಮುಚ್ಚಳ ನೆತ್ತಿಯ ಮೇಲಿಲ್ಲ. ಮುಂಭಾಗದ ಹಲಗೆಯ ಮೇಲರ್ಧ ಕೆಳಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮೇಲೆ ಹಾಸಿಗೆ ಮಡಿಸಿಟ್ಟಿದ್ದರೂ ಒಳಗಿನ ಬಟ್ಟೆ ತೆಗೆಯಲು ಅಡ್ಡಿಯಿಲ್ಲ! ಕೊರಿಯಾದ ಹಳೆಯ ಮನೆಗಳಲ್ಲಿ ಚಳಿಗೆಂದು ನೆಲದಡಿಯಲ್ಲಿ ಬಿಸಿ ಹಾಯಿಸುತ್ತಿದ್ದರು. ಜನ ನೆಲದ ಮೇಲೇ ಕೂತು, ಅಲ್ಲೇ ಮಲಗುತ್ತಿದ್ದರು. ಹಾಗಾಗಿ ಪೆಟ್ಟಿಗೆ ಕುಳ್ಳು. ತಳಕ್ಕೆ ಬಿಸಿ ತಾಗದಂತೆ ಗಿಡ್ಡ ಕಾಲುಗಳು.

ಆದರೆ ಕಣ್ಣು ಹೋದದ್ದು ಲೋಹದ ಕೆಲಸದ ಮೇಲೆ. ಬಿಜಾಗರಿಗಳು ಚಿಟ್ಟೆಗಳಂತಿವೆ; ಅದು ದಾಂಪತ್ಯ ಸುಖದ ಗುರುತು. ಮೂಲೆಗಳಲ್ಲಿ ಬಾವಲಿ. ನಮಗೆ ಅಪಶಕುನ, ಅವರಿಗೆ ಶುಭ. ಬಾವಲಿಗೂ ಭಾಗ್ಯಕ್ಕೂ ಅಲ್ಲಿ ಒಂದೇ ಉಚ್ಚಾರದ ಅಕ್ಷರವಂತೆ. ಬೀಗ ಮೀನಿನ ಆಕಾರದ್ದು, ಏಕೆಂದರೆ ಮೀನು ಕಣ್ಣು ಮುಚ್ಚುವುದಿಲ್ಲ. ಕಾವಲಿಗೆ ಅದಕ್ಕಿಂತ ಬೇರೆ ಯಾರು ಬೇಕು? ಹೆಂಗಸರ ಕೋಣೆಯ ಪೆಟ್ಟಿಗೆಗೆ ಅಲಂಕಾರ ಹೆಚ್ಚು, ಗಂಡಸರ ಓದುಕೋಣೆಯದಕ್ಕೆ ಕಡಿಮೆ. ಉತ್ತರದ ಬಾಕ್‌ಚನ್ ಊರಿನ ಪೆಟ್ಟಿಗೆಗಳಂತೂ ಜಾಲರಿಯಂತೆ ಕೊರೆದ ಕಬ್ಬಿಣದ ತಗಡಿಗೇ ಹೆಸರಾದವು.

'ಇದೆಲ್ಲ ಬರೀ ಸಿಂಗಾರ ಅಂದ್ಕೋಬೇಡಿ' ಎಂದರು ಸ್ನೇಹಿತರು. ಮರ ತೇವಕ್ಕೆ ಉಬ್ಬುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಮೂಲೆಯ ಕೂಡುಗಳು ಬಾಯಿಬಿಡದಂತೆ ಹಿಡಿದಿರುವುದು ಆ ಪಟ್ಟಿಗಳೇ.

ಆ ಮಾತು ನನ್ನನ್ನು ಚುಚ್ಚಿತು. ಯಲಹಂಕದ ಹಳೇ ಪೇಟೆಯ ನಮ್ಮ ಮನೆಯಲ್ಲೂ ಅಜ್ಜಿಯ ಪೆಟ್ಟಿಗೆಯೊಂದಿತ್ತು. ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ, ತಾವರೆಯಾಕಾರದ ಬಿಲ್ಲೆಗಳು, ನಡುವೆ ಅಂಗೈಯಗಲದ ಕೊಂಡಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ದಾರಿಯ ನೆಲಕ್ಕೆಲ್ಲ ಬಂಗಾರದ ಬೆಲೆ ಬಂತು. ನಮ್ಮ ಮನೆಯೂ ಉರುಳಿತು. ಹೊಸ ಮನೆಯ ಗೋಡೆಗೆ ಗೀರು ಬೀಳುತ್ತದೆಂದು ಹಿತ್ತಾಳೆಯನ್ನೆಲ್ಲ ಕಿತ್ತು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಕಿತ್ತವನು ನಾನೇ.

ಸ್ನೇಹಿತರ ಮನೆಯಿಂದ ಬಂದ ದಿನ ಅಟ್ಟದಿಂದ ಪೆಟ್ಟಿಗೆ ಇಳಿಸಿ ನೋಡಿದೆ. ಎರಡು ಮೂಲೆ ಬಿರಿದಿದ್ದವು. ಮರವೆಲ್ಲ ಕಪ್ಪುಗಟ್ಟಿದ್ದರೂ ಪಟ್ಟಿ, ಬಿಲ್ಲೆ, ಕೊಂಡಿಗಳಿದ್ದ ಜಾಗ ಮಾತ್ರ ತಿಳಿಯಾಗಿ, ಬಿಚ್ಚಿಟ್ಟ ಒಡವೆಯ ಗುರುತಿನಂತೆ ಉಳಿದಿತ್ತು.

ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಕೊಂಡು ಹೆಬ್ಬಾಳದ ಮೇಲ್ಸೇತುವೆ, ಬಿ.ಇ.ಎಲ್. ವೃತ್ತ ದಾಟಿ ಯಶವಂತಪುರದ ಬಡಗಿಯೊಬ್ಬರ ಬಳಿ ಹೋದೆ. ಕರಾವಳಿಯ ಕಲೆಂಬಿ, ಮಲಬಾರಿನ ನೆಟ್ಟೂರು ಪೆಟ್ಟಿಗೆಗಳನ್ನೆಲ್ಲ ರಿಪೇರಿ ಮಾಡಿದ ಕೈ ಅವರದು. ಒಳಮೂಲೆಗೆ ಒಮ್ಮೆ ಉಳಿ ತಾಗಿಸಿದರು. ಹಳದಿ ಮರ ಇಣುಕಿತು. 'ತೇಗ ಅಲ್ಲ ಸ್ವಾಮಿ, ಹಲಸು' ಎಂದು ನಕ್ಕರು. ಮೂರು ತಲೆಮಾರು ತೇಗವೆಂದು ಬೀಗಿದ್ದೆವು!

ಹಳೆಯ ಹಿತ್ತಾಳೆ ಕರಗಿ ಯಾವ ಕೊಳಾಯಿಯಾಯಿತೋ. ಬಡಗಿ ಆ ತಿಳಿಗುರುತುಗಳ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಆಕಾರ ಇಳಿಸಿಕೊಂಡರು. ಅದೇ ಅಳತೆಗೆ ಹೊಸ ತಗಡು ಕತ್ತರಿಸಿದರು. ಮೂಲೆಗಳು ಮತ್ತೆ ಕೂಡಿಕೊಂಡವು. ಹಿತ್ತಾಳೆ ಹೊಳೆಯುತ್ತಿತ್ತು, ಸ್ವಲ್ಪ ಅತಿಯಾಗಿಯೇ. 'ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಮೆತ್ತನೆ ಬಟ್ಟೇಲಿ ಧೂಳು ಒರೆಸಿ ಸಾಕು. ಅದರಷ್ಟಕ್ಕೆ ಮಾಗಲಿ' ಎಂದರು.

ಮಾಗಲು ಎಷ್ಟು ವರ್ಷವೋ! ನನ್ನ ಕಾಲಕ್ಕಲ್ಲದಿದ್ದರೆ ಮಗಳ ಕಾಲಕ್ಕೆ. ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇರಬಹುದು. ಇಕ್ಕಳ ಹಿಡಿಯುವ ಮೊದಲು ಆ ಪಟ್ಟಿ ಏನನ್ನು ಹಿಡಿದುಕೊಂಡಿದೆ ಎಂದು ಒಮ್ಮೆ ನೋಡಿ.